ಜೆಫ್ಲ್ಯಾಪ್ ತಂತ್ರಾಂಶ: ಆಟೊಮ್ಯಾಟನ್ ಕಟ್ಟುವುದೂ ಒರೆಗೆ ಹಚ್ಚುವುದೂ

ಔಪಚಾರಿಕ ಭಾಷೆಯೊಂದನ್ನು (ಅಂದರೆ ಸ್ಟ್ರಿಂಗ್ ಎಂಬ ಅಕ್ಷರಸಾಲುಗಳ ಒಂದು ಗುಂಪನ್ನು) ಕೊಟ್ಟು ಅದಕ್ಕೆ ತಕ್ಕ ಆಟೊಮ್ಯಾಟನ್ (ಸ್ಟ್ರಿಂಗನ್ನು ಒಂದೊಂದೇ ಅಕ್ಷರವಾಗಿ ಓದಿ ಒಪ್ಪುವ ಅಥವಾ ತಿರಸ್ಕರಿಸುವ ಕಾಲ್ಪನಿಕ ಯಂತ್ರ) ಕಟ್ಟಿ ಎಂದು ಕೇಳುವ ಪ್ರಶ್ನೆ ನೋಡಲು ಚಿಕ್ಕದು. ನಾಲ್ಕಾರು ವೃತ್ತಗಳು, ಅವುಗಳ ನಡುವೆ ಬಾಣಗಳು, ಬಾಣಗಳ ಮೇಲೆ ಅಕ್ಷರಗಳು, ಉತ್ತರವೆಂದರೆ ಅಷ್ಟೇ. ಆದರೆ ಆ ಚಿತ್ರ ಎರಡು ಮಾತುಗಳನ್ನು ಒಟ್ಟಿಗೇ ಹೇಳುತ್ತಿರುತ್ತದೆ: ಭಾಷೆಗೆ ಸೇರಿದ ಪ್ರತಿಯೊಂದು ಸ್ಟ್ರಿಂಗನ್ನೂ ಈ ಯಂತ್ರ ಒಪ್ಪುತ್ತದೆ, ಸೇರದಿರುವ ಒಂದನ್ನೂ ಒಪ್ಪುವುದಿಲ್ಲ. ಮೊದಲನೆಯ ಮಾತನ್ನು ನಾಲ್ಕು ಉದಾಹರಣೆಗಳ ಮೇಲೆ ನೋಡಿ ತೃಪ್ತರಾಗುವವರು ಎರಡನೆಯದನ್ನು ಬಹುಮಟ್ಟಿಗೆ ಮರೆಯುತ್ತಾರೆ, ಮತ್ತು ಕಾಗದದ ಮೇಲೆ ಬರೆದ ಯಂತ್ರ ತಾನಾಗಿ ಎಂದೂ ಎದುರು ಹೇಳುವುದಿಲ್ಲ. ಬರೆದ ಯಂತ್ರವನ್ನು ಓಡಿಸಿ ನೋಡಲು ಅವಕಾಶ ಕೊಡುವ ಜೆಫ್ಲ್ಯಾಪ್ ಎಂಬ ತಂತ್ರಾಂಶವನ್ನು ಈ ಕಣ್ಣಿನಿಂದಲೇ ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಜೆಫ್ಲ್ಯಾಪ್‌ನ ಹಿಂದೆ ಇರುವವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಸೂಸನ್ ರಾಜರ್ ಮತ್ತು ಅವರ ವಿದ್ಯಾರ್ಥಿಗಳು. ಅದರ ಮೂಲ 1990ರ ಸುಮಾರಿಗೆ, ರಾಜರ್ ಅವರು ರೆನ್ಸೆಲೇರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿದ್ದಾಗ ಶುರುವಾದ ಚಿಕ್ಕ ಉಪಕರಣಗಳಲ್ಲಿದೆ. ಮುಂದೆ ಅವೆಲ್ಲ ಜಾವಾ ಭಾಷೆಗೆ ಬಂದು ಒಂದೇ ತಂತ್ರಾಂಶವಾದವು. ಈಗ ಬಳಕೆಯಲ್ಲಿರುವ 7.1 ಆವೃತ್ತಿ 2018ರಲ್ಲಿ ಬಂದದ್ದು. ಉಚಿತವಾಗಿ ಸಿಗುತ್ತದೆ, ಕಂಪ್ಯೂಟರಿನಲ್ಲಿ ಜಾವಾ ಇದ್ದರೆ ಒಂದೇ ಫೈಲನ್ನು ಇಳಿಸಿಕೊಂಡು ನೇರವಾಗಿ ತೆರೆಯಬಹುದು. ಫೈನೈಟ್ ಆಟೊಮ್ಯಾಟನ್ (ಮಿತ ಸಂಖ್ಯೆಯ ಸ್ಥಿತಿಗಳನ್ನು ಬಿಟ್ಟು ಬೇರೆ ನೆನಪಿಲ್ಲದ ಯಂತ್ರ), ಪುಶ್‌ಡೌನ್ ಆಟೊಮ್ಯಾಟನ್ (ಅದರ ಜೊತೆಗೆ ಸ್ಟ್ಯಾಕ್, ಅಂದರೆ ಮೇಲಿನಿಂದಷ್ಟೇ ಹಾಕಿ ತೆಗೆಯಬಹುದಾದ ಅಕ್ಷರಗಳ ಅಟ್ಟಿ, ಇರುವ ಯಂತ್ರ), ಟ್ಯೂರಿಂಗ್ ಯಂತ್ರ, ವ್ಯಾಕರಣ, ರೆಗ್ಯುಲರ್ ಎಕ್ಸ್‌ಪ್ರೆಶನ್, ಪಂಪಿಂಗ್ ಲೆಮ್ಮಾ ಎಲ್ಲವೂ ಅದರೊಳಗಿವೆ. ನಾನು ಇಲ್ಲಿ ಮೊದಲ ಎರಡರ ಮೇಲೆ ನಿಲ್ಲುತ್ತೇನೆ, ಏಕೆಂದರೆ ಈ ತಂತ್ರಾಂಶದ ಬಲವೂ ಅದರ ಮಿತಿಯೂ ಅವೆರಡರ ನಡುವಿನ ಗಡಿಯಲ್ಲಿಯೇ ಸ್ಪಷ್ಟವಾಗಿ ಕಾಣುತ್ತವೆ.

ಚಿತ್ರ ಬರೆಯುವ ಕೆಲಸ ಸರಳವಾಗಿದೆ. ಒಂದು ಉಪಕರಣದಿಂದ ಸ್ಥಿತಿಗಳನ್ನು, ಅಂದರೆ ವೃತ್ತಗಳನ್ನು, ಇಡುತ್ತೇವೆ, ಇನ್ನೊಂದರಿಂದ ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಗೆರೆ ಎಳೆದು ಅಕ್ಷರ ಬರೆಯುತ್ತೇವೆ. ಆರಂಭದ ಸ್ಥಿತಿಗೆ ತ್ರಿಕೋನದ ಗುರುತು, ಓದು ಮುಗಿದಾಗ ಯಂತ್ರ ಅಲ್ಲಿದ್ದರೆ ಸ್ಟ್ರಿಂಗ್ ಒಪ್ಪಿತವಾಗುವ ಅಂತಿಮ ಸ್ಥಿತಿಗೆ ಜೋಡಿ ವೃತ್ತ. ಏನನ್ನೂ ಓದದೆ ಸಾಗುವ ಬಾಣಕ್ಕೆ, ಅಂದರೆ ಅಂಥ ಟ್ರಾನ್ಸಿಷನ್‌ಗೆ ಅದು ಲ್ಯಾಂಬ್ಡಾ ಚಿಹ್ನೆಯನ್ನು ಹಾಕುತ್ತದೆ, ಎಪ್ಸಿಲಾನ್ ರೂಢಿಯಿರುವವರು ಅದನ್ನು ಬದಲಿಸಿಕೊಳ್ಳಬಹುದು. ಯಂತ್ರವನ್ನು ಓಡಿಸಲು ಮೂರು ದಾರಿಗಳಿವೆ: ಫಲಿತಾಂಶವನ್ನು ಕೂಡಲೇ ತೋರಿಸುವ ಓಟ, ಒಂದೊಂದೇ ಹೆಜ್ಜೆ ಇಡಿಸುವ ಓಟ, ಮತ್ತು ಹಲವು ಸ್ಟ್ರಿಂಗ್‌ಗಳನ್ನು ಒಂದೇ ಪಟ್ಟಿಯಲ್ಲಿ ಕೊಟ್ಟು ಒಪ್ಪಿಗೆ, ತಿರಸ್ಕಾರಗಳನ್ನು ಸಾಲಾಗಿ ಪಡೆಯುವ ಮಲ್ಟಿಪಲ್ ರನ್. ಕಲಿಯುವ ಆರಂಭದಲ್ಲಿ ಎರಡನೆಯದು ಉಪಯುಕ್ತ; ಕಟ್ಟುವ ಕೆಲಸ ಗಂಭೀರವಾದ ಮೇಲೆ ಮೂರನೆಯದನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಹೆಚ್ಚು ಬಳಸುವುದಿಲ್ಲ.

ಒಂದು ಸರಳ ಉದಾಹರಣೆಯಿಂದ ತೊಡಗೋಣ. ದ್ವಿಮಾನ ಸಂಖ್ಯೆಯಾಗಿ ಓದಿದಾಗ 3ರಿಂದ ಭಾಗವಾಗುವ ಸ್ಟ್ರಿಂಗ್‌ಗಳ ಭಾಷೆಗೆ ಮೂರು ಸ್ಥಿತಿಗಳು ಸಾಕು, ಏಕೆಂದರೆ ಈವರೆಗೆ ಓದಿದ ಭಾಗದ ಬಗ್ಗೆ ಯಂತ್ರ ನೆನಪಿಡಬೇಕಾದದ್ದು ಅದರ ಶೇಷವನ್ನು ಮಾತ್ರ. ಹೊಸದಾಗಿ 0 ಬಂದರೆ ಶೇಷ ಎರಡರಷ್ಟಾಗುತ್ತದೆ, 1 ಬಂದರೆ ಎರಡರಷ್ಟಾಗಿ ಒಂದು ಕೂಡುತ್ತದೆ. ಅದನ್ನು ಮತ್ತೆ 3ರಿಂದ ಭಾಗಿಸಿದರೆ ಮುಂದಿನ ಸ್ಥಿತಿ ಸಿಕ್ಕಿತು. ಹೀಗೆ ಶೇಷ 1ರ ಸ್ಥಿತಿಯಿಂದ 0 ಓದಿದರೆ ಶೇಷ 2ಕ್ಕೂ 1 ಓದಿದರೆ ಶೇಷ 0ಕ್ಕೂ ಹೋಗಬೇಕು. ಇದನ್ನು ಜೆಫ್ಲ್ಯಾಪ್‌ನಲ್ಲಿ ಬರೆದು ಪಟ್ಟಿಯಲ್ಲಿ ಖಾಲಿ ಸ್ಟ್ರಿಂಗನ್ನೂ ಸೇರಿಸಿದ ಕ್ಷಣವೇ ಒಂದು ಪ್ರಶ್ನೆ ಏಳುತ್ತದೆ: ಶೇಷ 0ರ ಸ್ಥಿತಿಯೇ ಆರಂಭವೂ ಅಂತಿಮವೂ ಆಗಿರುವುದರಿಂದ ಯಂತ್ರ ಖಾಲಿ ಸ್ಟ್ರಿಂಗನ್ನು ಒಪ್ಪುತ್ತದೆ, ಅದು ನಮಗೆ ಬೇಕೇ? ಬೇಡವೆಂದರೆ ಆರಂಭಕ್ಕೆ ಬೇರೊಂದು ಸ್ಥಿತಿಯನ್ನು ಸೇರಿಸಬೇಕಾಗುತ್ತದೆ. ಪ್ರಶ್ನೆಯನ್ನು ಬರೆದವರೇ ಈ ವಿಷಯದಲ್ಲಿ ಮೌನವಾಗಿರುವುದುಂಟು, ಮತ್ತು ಆ ಮೌನವನ್ನು ತಂತ್ರಾಂಶ ಹೊರಗೆಳೆಯುತ್ತದೆ.

ಇನ್ನೊಂದು ಸೂಕ್ಷ್ಮ ಸಂಗತಿಯಲ್ಲಿ ಜೆಫ್ಲ್ಯಾಪ್ ಉದಾರವಾಗಿದೆ, ಬಳಸುವವರು ಎಚ್ಚರವಾಗಿರಬೇಕು. ಡಿಎಫ್ಎ (ನಿಶ್ಚಿತ ಫೈನೈಟ್ ಆಟೊಮ್ಯಾಟನ್) ಎಂದರೆ ಪ್ರತಿ ಸ್ಥಿತಿಯಿಂದಲೂ ಪ್ರತಿ ಅಕ್ಷರಕ್ಕೂ ಒಂದೇ ಒಂದು ಬಾಣ ಇರಬೇಕೆಂಬುದು ಕಟ್ಟುನಿಟ್ಟಾದ ವ್ಯಾಖ್ಯೆ. ಜೆಫ್ಲ್ಯಾಪ್ ಮಾತ್ರ ಬಾಣವಿಲ್ಲದ ಕಡೆ ಓಟವನ್ನು ಅಲ್ಲಿಯೇ ನಿಲ್ಲಿಸಿ ಸ್ಟ್ರಿಂಗನ್ನು ತಿರಸ್ಕರಿಸುತ್ತದೆ. ಒಪ್ಪುವ ಭಾಷೆ ಇದರಿಂದ ಬದಲಾಗುವುದಿಲ್ಲವಾದರೂ, ಆ ಭಾಷೆಯ ಪೂರಕವನ್ನು (ಅದಕ್ಕೆ ಸೇರದ ಎಲ್ಲ ಸ್ಟ್ರಿಂಗ್‌ಗಳ ಭಾಷೆಯನ್ನು) ಪಡೆಯಲು ಅಂತಿಮ ಮತ್ತು ಸಾಧಾರಣ ಸ್ಥಿತಿಗಳನ್ನು ಅದಲುಬದಲು ಮಾಡಿದಾಗ ಫಲಿತಾಂಶ ಕೆಡುತ್ತದೆ. ಎಲ್ಲಿಯೂ ತಲುಪದೆ ನಿಂತ ಸ್ಟ್ರಿಂಗ್‌ಗಳು ಹಳೆಯ ಯಂತ್ರದಲ್ಲಿಯೂ ಹೊಸ ಯಂತ್ರದಲ್ಲಿಯೂ ತಿರಸ್ಕೃತವಾಗಿಯೇ ಉಳಿಯುತ್ತವೆ. ಬಿಟ್ಟುಹೋದ ಬಾಣಗಳನ್ನೆಲ್ಲ ಒಂದು ಟ್ರ್ಯಾಪ್ ಸ್ಥಿತಿಗೆ (ಒಮ್ಮೆ ಹೊಕ್ಕರೆ ಹೊರಬರಲಾಗದ ಸ್ಥಿತಿಗೆ) ಸೇರಿಸುವ ಸೌಲಭ್ಯ ತಂತ್ರಾಂಶದಲ್ಲಿಯೇ ಇದೆ. ಪೂರಕ ತೆಗೆಯುವ ಮೊದಲು ಅದನ್ನು ಬಳಸಲೇಬೇಕು. ಯಂತ್ರ ಎನ್ಎಫ್ಎ (ಒಂದೇ ಅಕ್ಷರಕ್ಕೆ ಹಲವು ಬಾಣಗಳಿರಬಹುದಾದ, ಯಾವುದಾದರೂ ಒಂದು ದಾರಿ ಅಂತಿಮ ಸ್ಥಿತಿಯಲ್ಲಿ ಮುಗಿದರೆ ಒಪ್ಪುವ ಅನಿಶ್ಚಿತ ಯಂತ್ರ) ಆಗಿದ್ದರಂತೂ ಮೊದಲು ಅದನ್ನು ಡಿಎಫ್ಎಗೆ ಪರಿವರ್ತಿಸದೆ ಈ ಅದಲುಬದಲಿನ ಮಾತೇ ಸಲ್ಲದು.

ಎನ್ಎಫ್ಎಯನ್ನು ಡಿಎಫ್ಎಗೆ ಪರಿವರ್ತಿಸುವ ವಿಧಾನವನ್ನು ಮೈಕೆಲ್ ರಾಬಿನ್ ಮತ್ತು ಡೇನಾ ಸ್ಕಾಟ್ 1959ರಲ್ಲಿ ಪ್ರಕಟಿಸಿದರು. 1976ರ ಟ್ಯೂರಿಂಗ್ ಪ್ರಶಸ್ತಿ ಅವರಿಬ್ಬರಿಗೆ ಬಂದದ್ದು ಆ ಲೇಖನದ ಕಾರಣದಿಂದಲೇ. ಎನ್ಎಫ್ಎ ಒಂದು ಕ್ಷಣದಲ್ಲಿ ಇರಬಹುದಾದ ಸ್ಥಿತಿಗಳ ಗುಂಪನ್ನೇ ಡಿಎಫ್ಎಯ ಒಂದು ಸ್ಥಿತಿಯೆಂದು ಎಣಿಸುವುದು ಅದರ ತಿರುಳು. ಜೆಫ್ಲ್ಯಾಪ್ ಈ ಪರಿವರ್ತನೆಯನ್ನು ಒಂದು ಗುಂಡಿಯಿಂದ ಮುಗಿಸಿಕೊಡಬಲ್ಲದು, ಆದರೆ ಅದರ ನಿಜವಾದ ಸೊಗಸು ಗುಂಡಿಯಲ್ಲಿಲ್ಲ. ಎಡಗಡೆ ಮೂಲ ಯಂತ್ರವನ್ನಿಟ್ಟು ಬಲಗಡೆ ಆರಂಭದ ಗುಂಪನ್ನು ಮಾತ್ರ ಕೊಡುತ್ತದೆ. ಯಾವ ಗುಂಪನ್ನು ಯಾವ ಅಕ್ಷರದ ಮೇಲೆ ವಿಸ್ತರಿಸಬೇಕೆಂದು ನಾವೇ ಆರಿಸಿ, ಅದು ಯಾವ ಗುಂಪಿಗೆ ಹೋಗುತ್ತದೆಂದು ನಾವೇ ಬರೆಯಬೇಕು, ತಪ್ಪಿದರೆ ಅದು ಒಪ್ಪಿಕೊಳ್ಳುವುದಿಲ್ಲ. ಕೊನೆಯಿಂದ ಮೂರನೆಯ ಅಕ್ಷರ 1 ಆಗಿರುವ ಸ್ಟ್ರಿಂಗ್‌ಗಳ ಭಾಷೆಯನ್ನು ಇಲ್ಲಿ ಪ್ರಯತ್ನಿಸಬೇಕೆಂದು ನನ್ನ ಸಲಹೆ. ಎನ್ಎಫ್ಎಗೆ ನಾಲ್ಕು ಸ್ಥಿತಿಗಳು ಸಾಕಾಗುವ ಈ ಭಾಷೆಗೆ ಡಿಎಫ್ಎಯಲ್ಲಿ ಎಂಟು ಗುಂಪುಗಳು ಹುಟ್ಟುತ್ತವೆ, ಅವುಗಳಲ್ಲಿ ಒಂದನ್ನೂ ಕಡಿಮೆ ಮಾಡಲಾಗದು. ಮೂರನೆಯದರ ಬದಲು ಹತ್ತನೆಯ ಅಕ್ಷರವೆಂದರೆ ಎನ್ಎಫ್ಎ 11 ಸ್ಥಿತಿಗಳಲ್ಲಿ ನಿಲ್ಲುತ್ತದೆ, ಡಿಎಫ್ಎ 1024ಕ್ಕೆ ಏರುತ್ತದೆ. ಈ ಏರಿಕೆಯನ್ನು ಸೂತ್ರವಾಗಿ ಓದುವುದಕ್ಕೂ, ಪ್ರತಿ ಗುಂಪನ್ನೂ ಕೈಯಾರೆ ವಿಸ್ತರಿಸುತ್ತ ಎಂಟರಲ್ಲಿ ಯಾವುದನ್ನು ಬಿಟ್ಟರೂ ಕೊನೆಯ ಮೂರು ಅಕ್ಷರಗಳ ಒಂದು ನೆನಪು ಕಳೆದುಹೋಗುತ್ತದೆಂದು ಕಂಡುಕೊಳ್ಳುವುದಕ್ಕೂ ಬಹಳ ಅಂತರವಿದೆ.

ಸ್ಥಿತಿಗಳನ್ನು ಕನಿಷ್ಠಗೊಳಿಸುವ ಭಾಗ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು. ಇದಕ್ಕೆ ಜೆಫ್ಲ್ಯಾಪ್ ಒಂದು ಮರವನ್ನು ಬರೆಸುತ್ತದೆ: ಮೊದಲ ಕವಲಿನಲ್ಲಿ ಅಂತಿಮ ಸ್ಥಿತಿಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ, ಅಲ್ಲಿಂದ ಮುಂದೆ ಯಾವ ಅಕ್ಷರ ಒಂದು ಗುಂಪನ್ನು ಒಡೆಯುತ್ತದೆಂದು ನಾವು ಹೇಳಬೇಕು. ದ್ವಿಮಾನದಲ್ಲಿ 6ರಿಂದ ಭಾಗವಾಗುವ ಸಂಖ್ಯೆಗಳಿಗೆ ಶೇಷಕ್ಕೊಂದರಂತೆ ಆರು ಸ್ಥಿತಿಗಳ ಯಂತ್ರವನ್ನು ಬರೆದು ಇಲ್ಲಿಗೆ ತಂದರೆ, ಅಂತಿಮವಲ್ಲದ ಐದು ಶೇಷಗಳ ಗುಂಪಿನಿಂದ 0 ಎಂಬ ಅಕ್ಷರ ಶೇಷ 3ನ್ನು ಬೇರ್ಪಡಿಸುತ್ತದೆ. ಉಳಿದ ನಾಲ್ಕನ್ನು 0 ಒಡೆಯಲಾರದು, 1 ಒಡೆಯುತ್ತದೆ: 1 ಮತ್ತು 4 ಒಂದು ಜೊತೆ, 2 ಮತ್ತು 5 ಇನ್ನೊಂದು ಜೊತೆ. ಮುಂದೆ ಯಾವುದೂ ಒಡೆಯುವುದಿಲ್ಲ. ಆರು ಇದ್ದದ್ದು ನಾಲ್ಕಾಯಿತು. 3ರ ಅಂತರದಲ್ಲಿರುವ ಎರಡು ಶೇಷಗಳನ್ನು ಎರಡರಷ್ಟು ಮಾಡಿದರೆ 6ರ ಲೆಕ್ಕದಲ್ಲಿ ಅವು ಒಂದೇ ಆಗುತ್ತವೆಂಬ ಅಂಕಗಣಿತದ ಸತ್ಯ ಹೀಗೆ ಮರದ ಎಲೆಗಳಲ್ಲಿ ಕಾಣುತ್ತದೆ. ಜಾನ್ ಹಾಪ್‌ಕ್ರಾಫ್ಟ್ 1971ರಲ್ಲಿ ಕೊಟ್ಟ ವೇಗದ ಕ್ರಮವನ್ನು ಈ ಮರ ಕಲಿಸುವುದಿಲ್ಲ. ಕಲಿಯುವವರಿಗೆ ಮೊದಲು ಬೇಕಾದದ್ದು ವೇಗವಲ್ಲವಾದ್ದರಿಂದ ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ.

ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೂ ಆಟೊಮ್ಯಾಟನ್‌ಗೂ ನಡುವಿನ ಪರಿವರ್ತನೆಗಳೂ ಇವೆ; ಸ್ಟ್ರಿಂಗ್‌ಗಳ ಮಾದರಿಯನ್ನು ಸೂತ್ರವಾಗಿ ಬರೆಯುವುದೇ ರೆಗ್ಯುಲರ್ ಎಕ್ಸ್‌ಪ್ರೆಶನ್. ಆಟೊಮ್ಯಾಟನ್‌ನಿಂದ ಹುಟ್ಟುವ ಎಕ್ಸ್‌ಪ್ರೆಶನ್‌ಗಳು ಬಹುಪಾಲು ಉದ್ದವಾಗಿ, ಓದಲಾರದಂತೆ ಬರುತ್ತವೆ. ಅದು ವಿಧಾನದ ಗುಣ, ತಂತ್ರಾಂಶದ ದೋಷವಲ್ಲ.

ಫೈನೈಟ್ ಆಟೊಮ್ಯಾಟನ್ ಕಟ್ಟುವವರಿಗೆ ಜೆಫ್ಲ್ಯಾಪ್ ಕೊಡುವ ಅತಿ ದೊಡ್ಡ ಸೌಲಭ್ಯವೆಂದರೆ ಎರಡು ಯಂತ್ರಗಳ ಸಮಾನತೆಯ ಪರೀಕ್ಷೆ. ಒಂದೇ ಭಾಷೆಗೆ ಇಬ್ಬರು ಬರೆದ ಯಂತ್ರಗಳನ್ನು, ಅಥವಾ ನಾವೇ ಎರಡು ದಾರಿಗಳಿಂದ ಪಡೆದ ಯಂತ್ರಗಳನ್ನು ಒಟ್ಟಿಗೆ ತೆರೆದಿಟ್ಟು ಕೇಳಿದರೆ, ಅವು ಒಂದೇ ಭಾಷೆಯನ್ನು ಒಪ್ಪುತ್ತವೆಯೋ ಇಲ್ಲವೋ ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಅನಂತವಾದ ಸ್ಟ್ರಿಂಗ್‌ಗಳ ಮೇಲಿನ ಮಾತನ್ನು ಮಿತ ಲೆಕ್ಕದಲ್ಲಿ ತೀರ್ಮಾನಿಸುವ ಈ ಸಾಧ್ಯತೆ ಫೈನೈಟ್ ಆಟೊಮ್ಯಾಟನ್‌ಗಳ ಸಿದ್ಧಾಂತದ ಹೆಮ್ಮೆ. ನನ್ನ ಆಕ್ಷೇಪ ಒಂದೇ: ಉತ್ತರ ಸಮಾನವೆಂದೋ ಅಸಮಾನವೆಂದೋ ಬರುತ್ತದೆಯೇ ಹೊರತು, ಅಸಮಾನವಾದಾಗ ಎರಡನ್ನು ಬೇರ್ಪಡಿಸುವ ಒಂದು ಸ್ಟ್ರಿಂಗ್ ಅದರ ಜೊತೆಗೆ ಬರುವುದಿಲ್ಲ. ಅಂಥ ಸ್ಟ್ರಿಂಗ್ ಹುಡುಕುವುದು ಕಷ್ಟವೂ ಅಲ್ಲ. ಎರಡು ಡಿಎಫ್ಎಗಳ ಸ್ಥಿತಿಗಳ ಮೊತ್ತದಿಂದ ಎರಡನ್ನು ಕಳೆದರೆ ಬರುವ ಉದ್ದದೊಳಗೆ ಅದು ಸಿಕ್ಕೇ ಸಿಗುತ್ತದೆ. ತಪ್ಪಿದ್ದೇವೆಂದು ತಿಳಿದವರಿಗೆ ಎಲ್ಲಿ ತಪ್ಪಿದ್ದೇವೆಂದು ತಿಳಿಯಬೇಕು, ಮತ್ತು ಆ ಒಂದು ಸ್ಟ್ರಿಂಗ್ ಕೊಡುವಷ್ಟು ತಿಳಿವನ್ನು ದೀರ್ಘ ವಿವರಣೆಯೂ ಕೊಡಲಾರದು.

ಪುಶ್‌ಡೌನ್ ಆಟೊಮ್ಯಾಟನ್‌ಗೆ ಬಂದಾಗ ತಂತ್ರಾಂಶದ ಮೇಲ್ನೋಟ ಬದಲಾಗುವುದಿಲ್ಲ, ಆದರೆ ಅದರಿಂದ ನಿರೀಕ್ಷಿಸಬಹುದಾದದ್ದು ಬದಲಾಗುತ್ತದೆ. ಇಲ್ಲಿ ಪ್ರತಿ ಟ್ರಾನ್ಸಿಷನ್ನಿಗೂ ಮೂರು ಭಾಗಗಳಿವೆ: ಓದುವ ಅಕ್ಷರ, ಸ್ಟ್ಯಾಕಿನ ಮೇಲಿಂದ ತೆಗೆಯುವ ಅಕ್ಷರ, ಮತ್ತೆ ಸ್ಟ್ಯಾಕಿಗೆ ಹಾಕುವ ಅಕ್ಷರಗಳು. ಸ್ಟ್ಯಾಕಿನ ತಳದಲ್ಲಿ ಮೊದಲೇ ಝಡ್ ಎಂಬ ಗುರುತು ಇರುತ್ತದೆ. ಹಾಕುವ ಅಕ್ಷರಗಳಲ್ಲಿ ಎಡತುದಿಯದು ಸ್ಟ್ಯಾಕಿನ ತುದಿಗೆ ಬರುತ್ತದೆ ಎಂಬ ನಿಯಮವನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು. ತಿರುವುಮುರುವಾಗಿ ಬರೆದರೆ ತಳದ ಗುರುತು ಮೇಲೆ ಬಂದು ಕೂರುತ್ತದೆ, ಹಾಕಿದ ಅಕ್ಷರವನ್ನು ತೆಗೆಯಬೇಕಾದಾಗ ಯಂತ್ರ ಸಿಕ್ಕಿಬೀಳುತ್ತದೆ.

ಎಷ್ಟು 0ಗಳಿವೆಯೋ ಅವುಗಳ ಹಿಂದೆಯೇ ಅಷ್ಟೇ 1ಗಳು ಬರುವ ಭಾಷೆಯನ್ನು ತೆಗೆದುಕೊಳ್ಳೋಣ. ಮೊದಲ ಸ್ಥಿತಿಯಲ್ಲಿ ಓದಿದ ಪ್ರತಿ 0ಗೂ ಸ್ಟ್ಯಾಕಿಗೆ ಒಂದು 0 ಹಾಕುತ್ತೇವೆ. ಮೊದಲ 1 ಬಂದಾಗ ಒಂದು 0 ತೆಗೆದು ಎರಡನೆಯ ಸ್ಥಿತಿಗೆ ಹೋಗುತ್ತೇವೆ. ಅಲ್ಲಿ ಪ್ರತಿ 1ಕ್ಕೂ ಒಂದು 0 ತೆಗೆಯುತ್ತೇವೆ. ಝಡ್ ಕಂಡಾಗ ಏನನ್ನೂ ಓದದೆ ಅಂತಿಮ ಸ್ಥಿತಿಗೆ ಸಾಗುತ್ತೇವೆ. ಖಾಲಿ ಸ್ಟ್ರಿಂಗೂ ಈ ಭಾಷೆಗೆ ಸೇರಿದ್ದು, ಅದನ್ನು ಒಪ್ಪಿಸಲು ಹಲವರು ಮಾಡುವ ಮೊದಲ ಕೆಲಸ ಆರಂಭದ ಸ್ಥಿತಿಯನ್ನೇ ಅಂತಿಮವೆಂದು ಗುರುತಿಸುವುದು. ಫೈನೈಟ್ ಆಟೊಮ್ಯಾಟನ್‌ಗಳಲ್ಲಿ ಕಲಿತ ಈ ಅಭ್ಯಾಸ ಇಲ್ಲಿ ಯಂತ್ರವನ್ನೇ ಕೆಡಿಸುತ್ತದೆ: 0ಗಳನ್ನು ಓದುವಾಗಲೆಲ್ಲ ಯಂತ್ರ ಆ ಸ್ಥಿತಿಯಲ್ಲಿಯೇ ಇರುವುದರಿಂದ, ಸ್ಟ್ಯಾಕ್ ತುಂಬಿದ್ದರೂ ಲೆಕ್ಕಿಸದೆ 0, 00, 000 ಎಲ್ಲವೂ ಒಪ್ಪಿತವಾಗುತ್ತವೆ. ಮಲ್ಟಿಪಲ್ ರನ್ ಪಟ್ಟಿಯಲ್ಲಿ ಬರಿಯ 0 ಎಂಬ ಸ್ಟ್ರಿಂಗನ್ನು ಬರೆದವರಿಗೆ ಇದು ತಕ್ಷಣ ಕಾಣುತ್ತದೆ, 01 ಮತ್ತು 0011ನ್ನು ಮಾತ್ರ ಬರೆದವರಿಗೆ ಎಂದಿಗೂ ಕಾಣುವುದಿಲ್ಲ. ಆರಂಭದ ಸ್ಥಿತಿಯಿಂದ, ಸ್ಟ್ಯಾಕಿನ ತುದಿಯಲ್ಲಿ ಝಡ್ ಇದ್ದಾಗ ಮಾತ್ರ, ಏನನ್ನೂ ಓದದೆ ಅಂತಿಮ ಸ್ಥಿತಿಗೆ ಹೋಗುವ ಇನ್ನೊಂದು ಬಾಣವನ್ನು ಎಳೆಯುವುದು ಸರಿಯಾದ ಕ್ರಮ.

ಓಡಿಸುವಾಗ ಒಪ್ಪಿಗೆಯ ಬಗೆಯನ್ನೂ ಆರಿಸಬೇಕು: ಅಂತಿಮ ಸ್ಥಿತಿಯಿಂದಲೋ, ಸ್ಟ್ಯಾಕ್ ಖಾಲಿಯಾಗುವುದರಿಂದಲೋ. ಎರಡೂ ಬಗೆಯ ಯಂತ್ರಗಳ ಶಕ್ತಿ ಒಂದೇ ಎಂದು ಸಿದ್ಧಾಂತ ಹೇಳುತ್ತದೆ, ಆದರೆ ಒಂದೇ ಚಿತ್ರ ಎರಡು ಬಗೆಗಳಲ್ಲಿಯೂ ಒಂದೇ ಭಾಷೆಯನ್ನು ಒಪ್ಪುತ್ತದೆಂದು ಅದು ಹೇಳುವುದಿಲ್ಲ. ಮೇಲಿನ ಯಂತ್ರದಲ್ಲಿ ಕೊನೆಯ ಬಾಣ ಝಡ್ ತೆಗೆದು ಝಡ್ಡನ್ನೇ ಮರಳಿ ಹಾಕುವಂತಿದ್ದರೆ ಸ್ಟ್ಯಾಕ್ ಎಂದೂ ಖಾಲಿಯಾಗದು, ಎರಡನೆಯ ಬಗೆಯಲ್ಲಿ ಎಲ್ಲ ಸ್ಟ್ರಿಂಗ್‌ಗಳೂ ತಿರಸ್ಕೃತವಾಗುತ್ತವೆ. ಉತ್ತರ ಬರೆಯುವವರು ತಮ್ಮ ಯಂತ್ರ ಯಾವ ಬಗೆಯದೆಂದು ಹೇಳದೆ ಬಿಡುವುದು ಸಾಮಾನ್ಯ. ಜೆಫ್ಲ್ಯಾಪ್ ಪ್ರತಿ ಓಟಕ್ಕೂ ಅದನ್ನು ಕೇಳುವುದು ಒಳ್ಳೆಯ ಶಿಸ್ತು.

ಹಿಂದುಮುಂದು ಒಂದೇ ಆಗಿ ಓದಿಸುವ, ಸಮ ಉದ್ದದ ಸ್ಟ್ರಿಂಗ್‌ಗಳ ಭಾಷೆಯಲ್ಲಿ ಜೆಫ್ಲ್ಯಾಪ್ ತನ್ನ ಅತ್ಯುತ್ತಮ ಕೆಲಸವನ್ನು ತೋರಿಸುತ್ತದೆ. ಮೊದಲರ್ಧವನ್ನು ಸ್ಟ್ಯಾಕಿಗೆ ಹಾಕಿ ಎರಡನೆಯರ್ಧದ ಜೊತೆ ತಾಳೆ ನೋಡಬೇಕು, ಆದರೆ ನಡುಭಾಗ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ಪ್ರತಿ ಸ್ಥಾನದಲ್ಲಿಯೂ ನಡು ಇದೇ ಇರಬಹುದೆಂದು ಊಹಿಸುವ ಒಂದು ಕವಲು ಹುಟ್ಟುತ್ತದೆ. ಹೆಜ್ಜೆಹೆಜ್ಜೆಯಾಗಿ ಓಡಿಸಿದರೆ ಈ ಕವಲುಗಳೆಲ್ಲ ಪರದೆಯ ಕೆಳಗೆ ಬೇರೆ ಬೇರೆ ಚೌಕಗಳಾಗಿ ನಿಲ್ಲುತ್ತವೆ: ಪ್ರತಿಯೊಂದರಲ್ಲಿಯೂ ಅದರ ಸ್ಥಿತಿ, ಓದಲು ಉಳಿದ ಭಾಗ ಮತ್ತು ಸ್ಟ್ಯಾಕ್ ಕಾಣುತ್ತದೆ, ತಿರಸ್ಕೃತವಾದದ್ದು ಕೆಂಪಾಗುತ್ತದೆ, ಒಪ್ಪಿತವಾದದ್ದು ಹಸಿರಾಗುತ್ತದೆ. ಒಂದು ಕವಲನ್ನು ತಡೆದಿಟ್ಟು ಉಳಿದವನ್ನು ಮುಂದಕ್ಕೆ ಸಾಗಿಸಬಹುದು, ಆಮೇಲೆ ಅದನ್ನು ಬಿಡಬಹುದು, ಒಂದು ಕವಲು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ನೋಡಬಹುದು. ಬರಿಯ 0ಗಳ ಸ್ಟ್ರಿಂಗನ್ನು ಕೊಟ್ಟಾಗ ಈ ನೋಟ ಇನ್ನಷ್ಟು ಪಾಠ ಹೇಳುತ್ತದೆ, ಏಕೆಂದರೆ ಎಲ್ಲ ಅಕ್ಷರಗಳೂ ಒಂದೇ ಆದ್ದರಿಂದ ತಪ್ಪು ಊಹೆಗಳೂ ಬೇಗ ಸಾಯುವುದಿಲ್ಲ. ಬೇಗ ಊಹಿಸಿದ ಕವಲು ಓದಲು ಇನ್ನೂ ಉಳಿದಿರುವಾಗಲೇ ಝಡ್ ಮುಟ್ಟಿ ನಿಲ್ಲುತ್ತದೆ, ತಡವಾಗಿ ಊಹಿಸಿದ್ದು ಸ್ಟ್ಯಾಕಿನಲ್ಲಿ ಶೇಷ ಉಳಿಸಿಕೊಂಡು ನಿಲ್ಲುತ್ತದೆ, ನಡುವಿನ ಒಂದೇ ಒಂದು ಗುರಿ ಮುಟ್ಟುತ್ತದೆ. ಅನಿಶ್ಚಿತ ಯಂತ್ರವೆಂದರೆ ಏನೋ ಯಾದೃಚ್ಛಿಕವಾಗಿ ಆರಿಸುವ ಯಂತ್ರವೆಂಬ ತಪ್ಪು ಕಲ್ಪನೆ ಈ ಪರದೆಯ ಮುಂದೆ ಉಳಿಯಲಾರದು.

ಕಟ್ಟುವ ಕಷ್ಟ ನಿಜವಾಗಿ ಗೊತ್ತಾಗುವುದು ಇನ್ನೊಂದು ಭಾಷೆಯಲ್ಲಿ: 0ಗಳ ಹಿಂದೆ ಅವುಗಳಷ್ಟೇ 1ಗಳು, ಅಥವಾ ಅವುಗಳ ಸರಿಯಾಗಿ ಎರಡರಷ್ಟು 1ಗಳು. ಮೊದಲು ಹೊಳೆಯುವ ಯಂತ್ರವೆಂದರೆ ಪ್ರತಿ 0ಗೆ ಸ್ಟ್ಯಾಕಿಗೆ ಒಂದನ್ನೋ ಎರಡನ್ನೋ ಹಾಕಿ, ಪ್ರತಿ 1ಕ್ಕೆ ಒಂದನ್ನು ತೆಗೆಯುವುದು. ಇದು 01ನ್ನು ಒಪ್ಪುತ್ತದೆ, 011ನ್ನು ಒಪ್ಪುತ್ತದೆ, 0011ನ್ನೂ 001111ನ್ನೂ ಒಪ್ಪುತ್ತದೆ, 0111ನ್ನು ಸರಿಯಾಗಿ ತಿರಸ್ಕರಿಸುತ್ತದೆ. ಹಾಗಿದ್ದೂ ಯಂತ್ರ ತಪ್ಪು. ಒಂದು 0ಗೆ ಒಂದನ್ನೂ ಇನ್ನೊಂದು 0ಗೆ ಎರಡನ್ನೂ ಹಾಕಲು ಅದಕ್ಕೆ ತಡೆಯಿಲ್ಲದ್ದರಿಂದ 00111 ಒಳಗೆ ನುಸುಳುತ್ತದೆ. ಆ ಯಂತ್ರ ಒಪ್ಪುವುದು 0ಗಳಷ್ಟರಿಂದ ಹಿಡಿದು ಎರಡರಷ್ಟರವರೆಗಿನ ಎಲ್ಲ ಎಣಿಕೆಗಳ 1ಗಳನ್ನು. ಒಂದೇ 0 ಇರುವ ಸ್ಟ್ರಿಂಗ್‌ಗಳಲ್ಲಿ ಎರಡು ಭಾಷೆಗಳಿಗೂ ವ್ಯತ್ಯಾಸವೇ ಇಲ್ಲದಿರುವುದರಿಂದ, ದೋಷವನ್ನು ಬಯಲಿಗೆಳೆಯುವ ಅತಿ ಚಿಕ್ಕ ಸ್ಟ್ರಿಂಗ್ ಅದೇ 00111. ಊಹೆಯನ್ನು ಪ್ರತಿ 0ಗೂ ಮಾಡದೆ ಆರಂಭದಲ್ಲಿ ಒಮ್ಮೆ ಮಾತ್ರ ಮಾಡಿ, ಎರಡು ಬೇರೆ ಯಂತ್ರಗಳಲ್ಲಿ ಒಂದಕ್ಕೆ ಹೋಗಿ ಅಲ್ಲಿಯೇ ಉಳಿಯುವಂತೆ ಕಟ್ಟಿದರೆ ಯಂತ್ರ ಸರಿಯಾಗುತ್ತದೆ. ಅನಿಶ್ಚಿತತೆಯನ್ನು ತೋರಿಸುವ ಗುಂಡಿ ಒತ್ತಿದರೆ ಮೊದಲ ಯಂತ್ರದಲ್ಲಿ 0 ಓದುವ ಸ್ಥಿತಿಯೂ ಎರಡನೆಯದರಲ್ಲಿ ಆರಂಭದ ಸ್ಥಿತಿಯೂ ಬಣ್ಣಗೊಳ್ಳುತ್ತವೆ. ಒಂದು ಆಯ್ಕೆ ಎಲ್ಲಿ ನಡೆಯಬೇಕು, ಎಷ್ಟು ಸಲ ನಡೆಯಬೇಕು ಎಂಬ ಪ್ರಶ್ನೆಯೇ ಪುಶ್‌ಡೌನ್ ಆಟೊಮ್ಯಾಟನ್ ಕಟ್ಟುವುದರ ಅರ್ಧ ಕೆಲಸವೆಂದು ನಾನು ತಿಳಿದಿದ್ದೇನೆ.

ಕಾಂಟೆಕ್ಸ್ಟ್ ಫ್ರೀ ವ್ಯಾಕರಣವನ್ನು (ಎಡಭಾಗದ ಒಂದು ಚಿಹ್ನೆಯನ್ನು ಬಲಭಾಗದ ಸಾಲಿನಿಂದ ಬದಲಿಸುತ್ತ ಸ್ಟ್ರಿಂಗ್ ಹುಟ್ಟಿಸುವ ನಿಯಮಗಳನ್ನು) ಕೊಟ್ಟರೆ ಪುಶ್‌ಡೌನ್ ಆಟೊಮ್ಯಾಟನ್ ಕಟ್ಟಿಕೊಡುವ ಎರಡು ದಾರಿಗಳು ಜೆಫ್ಲ್ಯಾಪ್‌ನಲ್ಲಿವೆ: ಆರಂಭದ ಚಿಹ್ನೆಯಿಂದ ನಿಯಮಗಳನ್ನು ಬಿಡಿಸುತ್ತ ಹೋಗುವ ಎಲ್ಎಲ್ ದಾರಿ, ಓದಿದ್ದನ್ನು ಸ್ಟ್ಯಾಕಿನಲ್ಲಿ ಕೂಡಿಸಿ ನಿಯಮದ ಬಲಭಾಗ ಕಂಡಾಗ ಎಡಭಾಗಕ್ಕೆ ಇಳಿಸುವ ಎಲ್ಆರ್ ದಾರಿ. ಯಾವ ವ್ಯಾಕರಣಕ್ಕೂ ಮೂರೇ ಸ್ಥಿತಿಗಳು ಸಾಕಾಗುವ ಎಲ್ಎಲ್ ಯಂತ್ರವನ್ನು ನೋಡಿದರೆ, ಫೈನೈಟ್ ಆಟೊಮ್ಯಾಟನ್‌ಗಳಲ್ಲಿ ಸ್ಥಿತಿಗಳು ಹೊತ್ತಿದ್ದ ಭಾರವನ್ನೆಲ್ಲ ಇಲ್ಲಿ ಸ್ಟ್ಯಾಕ್ ಹೊರುತ್ತದೆಂಬುದು ಮಾತಿಲ್ಲದೆ ಅರ್ಥವಾಗುತ್ತದೆ. ಆದರೆ ಎಡ ಪುನರಾವರ್ತನೆಯಿರುವ (ನಿಯಮದ ಬಲಭಾಗ ಎಡಭಾಗದ ಚಿಹ್ನೆಯಿಂದಲೇ ತೊಡಗುವ) ವ್ಯಾಕರಣವನ್ನು ಈ ದಾರಿಯಲ್ಲಿ ಪರಿವರ್ತಿಸಿ ಓಡಿಸಿದರೆ, ಯಂತ್ರ ಒಂದಕ್ಷರವನ್ನೂ ಓದದೆ ಸ್ಟ್ಯಾಕನ್ನು ಬೆಳೆಸುತ್ತಲೇ ಹೋಗುವ ಕವಲು ಹುಟ್ಟಿಕೊಳ್ಳುತ್ತದೆ. ಜೆಫ್ಲ್ಯಾಪ್ ಅದನ್ನು ತಡೆಯಲು ಹೋಗುವುದಿಲ್ಲ. ಕವಲುಗಳ ಸಂಖ್ಯೆ ಒಂದು ಮಿತಿ ದಾಟಿದಾಗ ಇಷ್ಟಾದವು, ಮುಂದುವರಿಯಲೇ ಎಂದು ಕೇಳುತ್ತದೆ. ಹೊಸಬರು ಈ ಪ್ರಶ್ನೆಯನ್ನು ತಿರಸ್ಕಾರವೆಂದು ಓದಿಕೊಳ್ಳುವ ಅಪಾಯವಿದೆ. ಅದು ತಿರಸ್ಕಾರವೂ ಅಲ್ಲ, ಒಪ್ಪಿಗೆಯೂ ಅಲ್ಲ; ಯಂತ್ರದ ಕಟ್ಟೋಣದಲ್ಲಿ ಓದದೆ ಬೆಳೆಯುವ ಸುತ್ತು ಇದೆಯೇ ಎಂದು ಹುಡುಕಬೇಕೆಂಬ ಸೂಚನೆ. ಇದನ್ನು ಸಂದೇಶದಲ್ಲಿಯೇ ಬಿಡಿಸಿ ಹೇಳಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ಹಿಂದುಗಡೆಯ ದಾರಿ, ಅಂದರೆ ಪುಶ್‌ಡೌನ್ ಆಟೊಮ್ಯಾಟನ್‌ನಿಂದ ವ್ಯಾಕರಣ ಪಡೆಯುವುದು, ಹೆಚ್ಚು ಬಿಗಿಯಾಗಿದೆ. ಪ್ರತಿ ಟ್ರಾನ್ಸಿಷನ್ ಸ್ಟ್ಯಾಕಿನಿಂದ ಸರಿಯಾಗಿ ಒಂದನ್ನು ತೆಗೆಯಬೇಕು, ಶೂನ್ಯವನ್ನೋ ಎರಡನ್ನೋ ಹಾಕಬೇಕು, ಅಂತಿಮ ಸ್ಥಿತಿ ಒಂದೇ ಇರಬೇಕು, ಅಲ್ಲಿಗೆ ಹೋಗುವ ಬಾಣ ಝಡ್ಡನ್ನು ತೆಗೆಯಬೇಕು. ಈ ರೂಪದಲ್ಲಿಲ್ಲದ ಯಂತ್ರವನ್ನು ಅದು ಪರಿವರ್ತಿಸುವುದಿಲ್ಲ. ನಾವು ಸಹಜವಾಗಿ ಬರೆಯುವ ಯಂತ್ರಗಳಲ್ಲಿ ಬಹಳಷ್ಟು ಹಾಗಿರುವುದಿಲ್ಲವಾದ್ದರಿಂದ ಮೊದಲು ಕೈಯಿಂದ ತಿದ್ದಬೇಕು. ಫಲವಾಗಿ ಬರುವ ವ್ಯಾಕರಣದಲ್ಲಿ ಎರಡು ಸ್ಥಿತಿಗಳೂ ಒಂದು ಸ್ಟ್ಯಾಕ್ ಅಕ್ಷರವೂ ಸೇರಿದ ಚಿಹ್ನೆಗಳಿರುತ್ತವೆ, ಎರಡನ್ನು ಹಾಕುವ ಒಂದೊಂದು ಟ್ರಾನ್ಸಿಷನ್ನಿಗೂ ಸ್ಥಿತಿಗಳ ಸಂಖ್ಯೆಯ ವರ್ಗದಷ್ಟು ನಿಯಮಗಳು ಹುಟ್ಟುತ್ತವೆ. ನಾಲ್ಕು ಸ್ಥಿತಿಗಳಿದ್ದರೆ ಒಂದಕ್ಕೆ ಹದಿನಾರು. ಅವುಗಳಲ್ಲಿ ಹೆಚ್ಚಿನವು ಯಾವ ಸ್ಟ್ರಿಂಗನ್ನೂ ಹುಟ್ಟಿಸದವು. ಪುಶ್‌ಡೌನ್ ಯಂತ್ರಕ್ಕೆ ಸಮನಾದ ವ್ಯಾಕರಣ ಇದ್ದೇ ಇರುತ್ತದೆಂಬ ಗಣಿತದ ಸಾಧನೆಯ ತರ್ಕವನ್ನು ತಿಳಿಯಲು ಇದನ್ನು ಒಮ್ಮೆ ನೋಡುವುದು ಒಳ್ಳೆಯದು, ವ್ಯಾಕರಣ ಬರೆಯುವ ದಾರಿಯಾಗಿ ಮಾತ್ರ ಇದನ್ನು ಶಿಫಾರಸು ಮಾಡಲಾರೆ.

ಒಂದು ಭಾಷೆಗೆ ಇಂಥ ಯಂತ್ರ ಕಟ್ಟಲಾಗದೆಂದು ತೋರಿಸಲು ಬಳಸುವ ಪಂಪಿಂಗ್ ಲೆಮ್ಮಾದ ಆಟ ಒಂದು ಒಳ್ಳೆಯ ಸೇರ್ಪಡೆ. ಫೈನೈಟ್ ಆಟೊಮ್ಯಾಟನ್ ಒಪ್ಪುವ ರೆಗ್ಯುಲರ್ ಭಾಷೆಗಳಿಗೂ ಪುಶ್‌ಡೌನ್ ಆಟೊಮ್ಯಾಟನ್ ಒಪ್ಪುವ ಕಾಂಟೆಕ್ಸ್ಟ್ ಫ್ರೀ ಭಾಷೆಗಳಿಗೂ ಬೇರೆ ಬೇರೆ ಆಟಗಳಿವೆ. ಒಬ್ಬರು ಸ್ಟ್ರಿಂಗ್ ಆರಿಸಿದರೆ ಎದುರಾಳಿ ಅದನ್ನು ಭಾಗಗಳಾಗಿ ಒಡೆಯುತ್ತಾರೆ, ಯಾವ ಪಾತ್ರ ಬೇಕೆಂದು ನಾವು ಆರಿಸಬಹುದು. ಯಾರು ಯಾವುದನ್ನು ಆರಿಸುತ್ತಾರೆಂಬ ಕ್ರಮವೇ ಆ ಲೆಮ್ಮಾದಲ್ಲಿ ಅತಿ ಹೆಚ್ಚು ಜನ ಎಡವುವ ಭಾಗ, ಆಟ ಅದನ್ನು ಚೆನ್ನಾಗಿ ಹಿಡಿದುಕೊಡುತ್ತದೆ.

ಹೊರರೂಪ ಹಳೆಯದಾಗಿದೆ. ಜಾವಾದ ಹಳೆಯ ಕಾಲದ ಕಿಟಕಿಗಳು, ಚಿಕ್ಕ ಗುಂಡಿಗಳು, ಬಾಣಗಳು ಹೆಚ್ಚಾದಂತೆ ಒಂದರ ಮೇಲೊಂದು ಬೀಳುವ ಅಕ್ಷರಗಳು ಕಣ್ಣಿಗೆ ದಣಿವು ತರುತ್ತವೆ. ಸ್ಥಿತಿಗಳನ್ನು ವೃತ್ತಾಕಾರದಲ್ಲಿಯೋ ಮರದ ರೂಪದಲ್ಲಿಯೋ ಜೋಡಿಸಿಕೊಡುವ ಆಯ್ಕೆಗಳಿದ್ದರೂ ಪುಶ್‌ಡೌನ್ ಯಂತ್ರಗಳ ಉದ್ದನೆಯ ಟ್ರಾನ್ಸಿಷನ್ ಬರಹಗಳ ಮುಂದೆ ಅವು ಹೆಚ್ಚು ನೆರವಾಗುವುದಿಲ್ಲ, ಕೈಯಿಂದ ಎಳೆದು ಜೋಡಿಸುವುದೇ ವಾಸಿ. ಉಳಿಸಿದ ಯಂತ್ರಗಳು ಎಕ್ಸ್ಎಂಎಲ್ ರೂಪದ ಸರಳ ಪಠ್ಯವಾಗಿರುತ್ತವೆ ಎಂಬುದು ದೊಡ್ಡ ಅನುಕೂಲ: ಬೇರೆ ಪ್ರೋಗ್ರಾಮಿನಿಂದ ಅವನ್ನು ಓದಬಹುದು, ಹುಟ್ಟಿಸಬಹುದು, ಎರಡು ಆವೃತ್ತಿಗಳ ನಡುವಿನ ಬದಲಾವಣೆಯನ್ನು ಸಾಲುಸಾಲಾಗಿ ನೋಡಬಹುದು.

ಈ ವಿಷಯವನ್ನು ಮೊದಲ ಸಲ ಓದುತ್ತಿರುವವರಿಗೂ, ಕಲಿಸುತ್ತಿರುವವರಿಗೂ ಜೆಫ್ಲ್ಯಾಪ್ ಬಳಸಿರೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ; ಪರಿವರ್ತನೆಗಳನ್ನು ಗುಂಡಿ ಒತ್ತಿ ಮುಗಿಸಿಕೊಳ್ಳುವವರಿಗೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಬಳಸುವಾಗ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಫೈನೈಟ್ ಆಟೊಮ್ಯಾಟನ್‌ಗಳಿಗೆ ಇದ್ದ ಸಮಾನತೆಯ ಗುಂಡಿ ಪುಶ್‌ಡೌನ್ ಯಂತ್ರಗಳಿಗೆ ಇಲ್ಲ, ಮತ್ತು ಅದು ತಂತ್ರಾಂಶದ ಕೊರತೆಯಲ್ಲ: ಎರಡು ಪುಶ್‌ಡೌನ್ ಆಟೊಮ್ಯಾಟನ್‌ಗಳು ಒಂದೇ ಭಾಷೆಯನ್ನು ಒಪ್ಪುತ್ತವೆಯೇ ಎಂದು ಎಲ್ಲ ಸಂದರ್ಭಗಳಲ್ಲಿಯೂ ತೀರ್ಮಾನಿಸುವ ಕ್ರಮ ಇರಲಾರದೆಂದು ಸಾಧಿಸಲಾಗಿದೆ. ನಿಶ್ಚಿತ ಪುಶ್‌ಡೌನ್ ಯಂತ್ರಗಳಿಗೆ ಮಾತ್ರ ಅಂಥ ಕ್ರಮವಿದೆಯೆಂದು ಫ್ರಾನ್ಸಿನ ಜೆರೊ ಸೆನಿಜೆರ್ಗ್ 1997ರಲ್ಲಿ ತೋರಿಸಿದರು, ಆ ಸಾಧನೆಗೆ 2002ರ ಗೋಡೆಲ್ ಪ್ರಶಸ್ತಿ ಬಂತು. ಅದು ಇಂಥ ಚಿಕ್ಕ ಉಪಕರಣದಲ್ಲಿ ಅಡಗಿಸಿಡಬಹುದಾದ ವಿಧಾನವಲ್ಲ. ಹೀಗಾಗಿ ಪುಶ್‌ಡೌನ್ ಯಂತ್ರದ ವಿಷಯದಲ್ಲಿ ಹಸಿರು ಬಣ್ಣದ ಸಾಲುಗಳು ಸಾಕ್ಷ್ಯ ಮಾತ್ರ. ಗಣಿತದ ಸಾಧನೆ ಬೇಕಾದರೆ ಪ್ರತಿ ಸ್ಥಿತಿಯಲ್ಲಿ ಸ್ಟ್ಯಾಕಿನಲ್ಲಿ ಏನಿರುತ್ತದೆಂಬುದನ್ನು ಬರೆದು, ಓದಿದ ಉದ್ದದ ಮೇಲೆ ಇಂಡಕ್ಷನ್ (ಗಣಿತದ ಅನುಗಮನ) ಮಾಡಿ ತೋರಿಸಬೇಕು.

ಸಾಕ್ಷ್ಯವನ್ನಾದರೂ ಗಟ್ಟಿಯಾಗಿ ಕೂಡಿಹಾಕಲು ಒಂದು ದಾರಿಯಿದೆ. ಮಲ್ಟಿಪಲ್ ರನ್ನಿಗೆ ಸ್ಟ್ರಿಂಗ್‌ಗಳನ್ನು ಫೈಲಿನಿಂದ ಓದಿಸಬಹುದಾದ್ದರಿಂದ, ಉದ್ದ 8ರವರೆಗಿನ 0 ಮತ್ತು 1ರ ಎಲ್ಲ ಸ್ಟ್ರಿಂಗ್‌ಗಳನ್ನೂ ಚಿಕ್ಕ ಪ್ರೋಗ್ರಾಮಿನಿಂದ ಬರೆಸಿಕೊಳ್ಳಿ. ಖಾಲಿ ಸ್ಟ್ರಿಂಗೂ ಸೇರಿ ಅವು 511 ಆಗುತ್ತವೆ. ಖಾಲಿಯದನ್ನು ಮಾತ್ರ ಅದಕ್ಕೆಂದೇ ಇರುವ ಗುಂಡಿಯಿಂದ ಸೇರಿಸಬೇಕು. ಅದೇ ಪ್ರೋಗ್ರಾಮಿನಲ್ಲಿ ಭಾಷೆಯ ವ್ಯಾಖ್ಯೆಯನ್ನು ನೇರವಾಗಿ ಎಣಿಕೆಯ ರೂಪದಲ್ಲಿ ಬರೆದು ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ಪಡೆದು, ಜೆಫ್ಲ್ಯಾಪ್ ಕೊಡುವ ಸಾಲಿನ ಜೊತೆ ತಾಳೆ ನೋಡಿ. ಒಂದನ್ನೋ ಎರಡನ್ನೋ ಹಾಕುವ ಆ ತಪ್ಪು ಯಂತ್ರ ಇಂಥ ಪಟ್ಟಿಯಲ್ಲಿ ಉದ್ದ 5ಕ್ಕೆ ಬರುವಷ್ಟರಲ್ಲಿ, ಮೊದಲ 63 ಸ್ಟ್ರಿಂಗ್‌ಗಳ ಒಳಗೇ, ಸಿಕ್ಕಿಬೀಳುತ್ತದೆ.